ಕಾಡು ಆಲಿವ್‌ಗೆ ಹುಳಿ ಮಜ್ಜಿಗೆ

ಡಾಲಸ್‌ನಿಂದ ಹ್ಯೂಸ್ಟನ್‌ವರೆಗೆ ಯಾವ ಕನ್ನಡಿಗರ ಮನೆಯ ಕರಿಬೇವು ಬಾಡಿದರೂ ಫೋನ್ ಬರುವುದು ಲಿಟಲ್ ಎಲ್ಮ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಶಿವಬಸವ್ವ ಆಂಟಿಗೆ. ಬಾಗಲಕೋಟೆಯವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ. ಮೊಲ ಎದ್ದು ನಾಲ್ಕು ಕಾಲಲ್ಲಿ ಓಡಿದರೂ ಒಪ್ಪುವವರಲ್ಲ.

ಅವರಿಗೆ ಬೋನ್ಸಾಯ್ ಹುಚ್ಚು ಹಿಡಿದದ್ದು 2013ರಲ್ಲಿ. ಅಂಗಡಿಯ ಸಸಿ ಬೇಡ, ಕಾಡಿನ ಗಿಡವೇ ಬೇಕು ಎಂದರು. ಹುಡುಕಿ ಹುಡುಕಿ ಆಸ್ಟಿನ್ ಆಚೆ ಸುಣ್ಣಕಲ್ಲಿನ ಗುಡ್ಡದಲ್ಲಿ ಒಬ್ಬ ಮುದುಕನ ಜಮೀನು ಸಿಕ್ಕಿತು. ಅಲ್ಲಿ ಆಲಿವ್ ಜಾತಿಯ ಕಾಡುಗಿಡಗಳು. ಜಿಂಕೆ ಮೇಯ್ದು ಮೇಯ್ದು ಕುಳ್ಳಗೆ, ಗಂಟುಗಂಟಾಗಿ ಬೆಳೆದಿದ್ದವು. ಮರು ಫೆಬ್ರವರಿಯಲ್ಲಿ, ಚಿಗುರುವ ಮುನ್ನ, ಮುದುಕ ಒಂದನ್ನು ಅಗೆಯಲು ಬಿಟ್ಟ. ಒಂದು ವರ್ಷ ಇದನ್ನು ಉಳಿಸಿ ತೋರಿಸಿದರೆ ಗೇಟಿನ ಹತ್ತಿರದ ದೊಡ್ಡದೂ ನಿಮಗೇ, ಇಲ್ಲದಿದ್ದರೆ ನರ್ಸರಿಯವನಿಗೆ ಎಂದ. ಆ ದೊಡ್ಡದರ ಬುಡ ನೋಡಿದ ದಿನದಿಂದ ಆಂಟಿಗೆ ಬೇರೆ ಧ್ಯಾನವೇ ಇರಲಿಲ್ಲ.

ಅಗೆದು ತಂದು ಕುಂಡದಲ್ಲಿ ನೆಟ್ಟ ಚಿಕ್ಕದು ಏಪ್ರಿಲ್‌ನಲ್ಲಿ ಎಲೆ ಬಿಟ್ಟಿತು. ಆ ಸಂತೋಷದಲ್ಲಿ ಆಂಟಿ ಕರಿಬೇವಿಗೆ ಹಾಕುವ ಹುಳಿ ಮಜ್ಜಿಗೆಯನ್ನು ಅದಕ್ಕೂ ವಾರಕ್ಕೆರಡು ಸಲ ಸುರಿದರು. ಸುಣ್ಣದ ನೆಲದ ಗಿಡ, ಬೇರು ಕತ್ತರಿಸಿಕೊಂಡು ಬಂದದ್ದು, ತಡೆದುಕೊಳ್ಳಲಿಲ್ಲ. ಮೇ ಮುಗಿಯುವಷ್ಟರಲ್ಲಿ ಎಲೆ ಕಪ್ಪಾಗಿ ಉದುರಿ, ಮಣ್ಣು ನಾರತೊಡಗಿತು. ಆಂಟಿಯ ಮುಖ ನೋಡಲು ನನಗೇ ಸಂಕಟವಾಗುತ್ತಿತ್ತು.

ಅವರ ಯಜಮಾನರು ಈರಣ್ಣ ಅಂಕಲ್ ಉಪಾಯ ಹೇಳಿದರು: “ಏಪ್ರಿಲ್ ಫೋಟೋನ ಕಳಿಸಿಬಿಡು. ಆ ಮುದುಕಗ ಏನ್ ಗೊತ್ತಾಕ್ಕೈತಿ?”

“ಸುಮ್ನಿರ್ರಿ. ತಪ್ಪು ನಂದು, ನಾನ ಹೇಳ್ತೀನಿ.”

ಅಂದೇ ಬೋಳು ಗಿಡದ ಫೋಟೋ ಕಳಿಸಿ, ಮಜ್ಜಿಗೆಯ ಕಥೆಯನ್ನೂ ಬರೆದರು. ಮುದುಕ ಉತ್ತರಿಸಲಿಲ್ಲ. ಆಂಟಿ ಕೊಳೆತ ಬೇರು ಕತ್ತರಿಸಿ, ಮಣ್ಣೆಲ್ಲ ತೆಗೆದು ಸಣ್ಣ ಜಲ್ಲಿ ತುಂಬಿದರು. ಕಾಂಡದ ಅರ್ಧ ಸತ್ತೇ ಹೋಯಿತು. ಹಳೇ ಮರದಂತೆ ಕಾಣಲಿ ಎಂದು ಅದನ್ನು ಉಳಿಯಿಂದ ಕೆತ್ತಿ ಬೆಳ್ಳಗೆ ಮಾಡಿದರು. ಬದುಕಿದ ಪಕ್ಕದಲ್ಲಿ ಹೊಸದಾಗಿ ಬಂದ ಕೊಂಬೆಗೆ ತಂತಿ ಸುತ್ತಿ, ದಿನಕ್ಕಿಷ್ಟು ಎಂದು ಬಗ್ಗಿಸಿದರು. ನಿಜ ಹೇಳುತ್ತೇನೆ, ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

ಫೆಬ್ರವರಿ ಬಂತು. ಆಂಟಿ ಗಿಡವನ್ನು ಕಾರಿನ ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ, ಬೆಲ್ಟ್ ಹಾಕಿ ಕೂರಿಸಿದರು. ಡಿಕ್ಕಿಯಲ್ಲಿ ಗುದ್ದಲಿ, ಹಾರೆ, ಗೋಣಿಚೀಲ.

“ಕರೀಲಾರದವರ ಮನಿಗೆ ಗುದ್ದಲಿ ತಗೊಂಡು ಹೊಂಟೀಯಲ್ಲ!” ಎಂದು ಗೊಣಗುತ್ತಲೇ ಅಂಕಲ್ ನಾಲ್ಕು ಗಂಟೆ ಡ್ರೈವ್ ಮಾಡಿದರು.

ಮುದುಕ ಗಿಡದ ಸುತ್ತ ಒಂದು ಸುತ್ತು ಬಂದ. ಚಳಿಗಾಲಕ್ಕೆ ಎಲೆ ಉದುರಿಸಿದ್ದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದ. ಒಳಗೆ ಹಸಿರು.

“ದೊಡ್ಡದು ನಿಮ್ಮದೇ,” ಎಂದ. “ಆದರೆ ಅದಕ್ಕೊಂದು ರೂಪ ಬರಲು ಹದಿನೈದು ವರ್ಷವಾದರೂ ಬೇಕು. ನಿಮಗೀಗ ವಯಸ್ಸೆಷ್ಟು?”

ಆಂಟಿ ಉತ್ತರಿಸಿದ್ದು ಇಂಗ್ಲಿಷಿನಲ್ಲೇ. ನನ್ನ ಕಿವಿಗೆ ಮಾತ್ರ ಅದು ಅಪ್ಪಟ ಬಾಗಲಕೋಟೆಯ ಮಾತಾಗಿ ಕೇಳಿತು:

“ಅರವತ್ತರಿ. ಅದಕ್ಕ ಇವತ್ತ ಅಗ್ಯಾಕ ಬಂದೀನಿ.”