ಬೆರಕೆಯಿಲ್ಲದ ಮದ್ದು

ಅಮ್ಮ ಹೊಟ್ಟೆಹುಣ್ಣಿಗೆ ಮದ್ದು ಕೊಡುತ್ತಿದ್ದಳು. ಕಳಸದ ಕಡೆಯಿಂದಲೂ ಜನ ಜೀಪು ಹತ್ತಿ ಜಾವಳಿಯ ನಮ್ಮ ಮನೆಗೆ ಬರುತ್ತಿದ್ದರು. ಯಾವ ಸೊಪ್ಪೆಂದು ಮಕ್ಕಳಾದ ನಮಗೂ ಹೇಳಿದವಳಲ್ಲ. ಗುರುತು ಸಿಗದಿರಲೆಂದು ಬೇರೆ ನಾಲ್ಕಾರು ಸೊಪ್ಪು ಬೆರೆಸಿಯೇ ಅರೆಯುತ್ತಿದ್ದಳು. ಗುರುತು ಹೊರಬಿದ್ದರೆ ಮದ್ದಿನ ಗುಣ ಹೋಗುತ್ತದೆ ಎಂಬುದು ಅವಳ ಅತ್ತೆಯ ಕಾಲದಿಂದ ಬಂದ ಮಾತು.

ಕೊನೆಗೆ ಆ ಹುಣ್ಣು ಅಣ್ಣನಿಗೇ ಬಂತು. ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದ ಗಟ್ಟಿ ಆಳು. ಅಮ್ಮನ ಮದ್ದಿನ ಜೊತೆಗೆ ಡಾಕ್ಟರ ಮಾತ್ರೆ ನುಂಗಿದಷ್ಟು ದಿನ ಹುಣ್ಣು ಸುಮ್ಮನಿದ್ದು ಮತ್ತೆ ಕೆರಳುತ್ತಿತ್ತು. ಆಪರೇಷನ್ ಆಗಲೇಬೇಕೆಂದರು ಡಾಕ್ಟರು. ಅಪ್ಪ ಅದೇ ಆಪರೇಷನ್ನಿಗೆ ಹೋಗಿ ತಿರುಗಿ ಬಂದಿರಲಿಲ್ಲ. ಅಣ್ಣ ಒಪ್ಪಲಿಲ್ಲ.

ಆಗಲೇ ಚಿಕ್ಕಮಗಳೂರಿನಿಂದ ಕಾಲೇಜಿನ ಮೇಷ್ಟ್ರೊಬ್ಬರು ನಾಟಿ ಮದ್ದು ಹುಡುಕುತ್ತಾ ಬಂದದ್ದು. ಇಲಿಗಳಿಗೆ ಹುಣ್ಣು ಬರಿಸಿ, ಮದ್ದು ಕುಡಿಸಿ ನೋಡುತ್ತಾರಂತೆ.

"ಅವ್ರಿಗೆ ಕೊಡಮ್ಮ," ಎಂದ ಅಣ್ಣ. ನನ್ನ ಕಡೆ ತಿರುಗಿ, "ಇಲಿಗೆ ವಾಸಿಯಾದ್ರೆ ನಂಗೂ ಆಗ್ತದೆ. ನಾನೇನು ಇಲಿಗಿಂತ ಕಡೆಯಾ ಮಾರಾಯ?"

ಮರುದಿನ ಅಮ್ಮ ಪುಡಿ ಮಾಡಿದ ಮದ್ದನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಗುದ್ದಲಿ ಹಿಡಿದವನು ನಾನು. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ಚಿಕ್ಕಮಗಳೂರಿನ ಕಾಲೇಜಿಗೆ ಹೋಗಿ ಮೇಷ್ಟ್ರಿಗೆ ಆ ಗಂಟು ಒಪ್ಪಿಸುವಾಗ ಮಾತ್ರ ಕೈ ತಾನಾಗಿ ಮುಗಿಯಿತು.

ಕಾಫಿ ಕುಯ್ಲು ಮುಗಿದ ಮೇಲೆ ಮತ್ತೆ ಹೋದೆ. ಅಷ್ಟರಲ್ಲಿ ಅಣ್ಣ ಹಾಸಿಗೆ ಹಿಡಿದಿದ್ದ. ಈಗ ಕೊಯ್ದರೆ ತಡೆಯುವ ಶಕ್ತಿ ಉಳಿದಿಲ್ಲವೆಂದು ಡಾಕ್ಟರೂ ಕೈಬಿಟ್ಟಿದ್ದರು.

"ಇಲ್ಲಪ್ಪ," ಎಂದರು ಮೇಷ್ಟ್ರು. "ಮದ್ದು ಕುಡಿದ ಇಲಿಗೂ ಬರೀ ನೀರು ಕುಡಿದ ಇಲಿಗೂ ಏನೂ ವ್ಯತ್ಯಾಸ ಕಾಣ್ಲಿಲ್ಲ."

ವಾಪಸು ಬಸ್ಸಿನಲ್ಲಿ ಒಂದು ಯೋಚನೆ ಹೊಳೆಯಿತು. ಅಮ್ಮ ಎಂದಿನಂತೆ ಬೇರೆ ಸೊಪ್ಪು ಬೆರೆಸಿರುತ್ತಾಳೆ. ಇಲಿಗಳು ಕುಡಿದದ್ದು ಬೆರಕೆ. ಹಾಗಾದರೆ ನಿಜವಾದ ಸೊಪ್ಪು ಇನ್ನೂ ಸೋತಿಲ್ಲ. ಅದೊಂದನ್ನೇ ಅರೆದು ಅಣ್ಣನಿಗೆ ಕೊಡಿಸಬೇಕು. ದಾರಿಯುದ್ದಕ್ಕೂ ಆ ಆಸೆಯನ್ನೇ ಹಿಡಿದುಕೊಂಡು ಕೂತಿದ್ದೆ.

ಅಡಿಗೆಮನೆಗೆ ಹೋಗಿ ಕೇಳಿದೆ. "ಬೆರೆಸಿದ್ದೆ ತಾನೇ? ನಿಜ ಹೇಳಮ್ಮ."

ಅಮ್ಮ ಒಲೆಯಿಂದ ಮುಖ ತಿರುಗಿಸಲಿಲ್ಲ. "ಇಲ್ಲ ಮಗ. ಅವನ ಜೀವದ ಪ್ರಶ್ನೆ ಅಲ್ವ? ಮೇಷ್ಟ್ರಿಗೆ ಕೊಟ್ಟಿದ್ರಲ್ಲಿ ಏನೂ ಬೆರೆಸ್ಲಿಲ್ಲ. ಅವತ್ತಿಂದ ಅವನಿಗೂ ಬರೀ ಅದನ್ನೇ ಕೊಡ್ತಿದ್ದೀನಿ."

ಪಕ್ಕದ ಕೋಣೆಯಿಂದ ಅಣ್ಣ ಕೂಗಿದ. "ಏನಂತೆ ಇಲಿಗಳ ಸಮಾಚಾರ?"

ಅಮ್ಮ ಒಲೆಗೆ ಇನ್ನೊಂದು ಸೌದೆ ದೂಡಿದಳು.

"ಆಯ್ತು ಬಿಡು," ಎಂದ. "ಅಮ್ಮ, ಮದ್ದಿನ ಹೊತ್ತಾಯ್ತು."

ಅಮ್ಮ ಕೂತಲ್ಲಿಂದ ಏಳಲಿಲ್ಲ. ಲೋಟ ತುಂಬಿಸಿ ಒಯ್ದವನು ನಾನು. ಅಣ್ಣ ಗೋಡೆಗೆ ಒರಗಿ ಕೂತು, ಒಂದು ಹನಿಯೂ ಬಿಡದೆ ಕುಡಿದ.