ಕೃಷ್ಣಪ್ಪನ ಅಂಡಮಾನ್ ಪ್ಲಾನು

ಮುಹೂರ್ತ ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ಕೃಷ್ಣಪ್ಪನಿಗೆ ಆಕಳಿಕೆ ಬರುತ್ತಿತ್ತು. ಅವನದೇನು ತಪ್ಪು ಬಿಡಿ. ಮೀಸೆ ಕಪ್ಪಗಿದ್ದಾಗ ವಿಜಯನಗರದ ಒಂದು ಕಲ್ಯಾಣ ಮಂಟಪಕ್ಕೆ ಮ್ಯಾನೇಜರ್ ಆಗಿ ಸೇರಿದವನು, ಈಗ ತಲೆಯೂ ಬೆಳ್ಳಗಾಗಿತ್ತು. ಜನಕ್ಕೆಲ್ಲ ಜನ್ಮಕ್ಕೊಂದು ಮದುವೆಯಾದರೆ ಇವನಿಗೆ ದಿನಕ್ಕೊಂದು. ನೀರಿನ ಟ್ಯಾಂಕರ್ ಬಂತಾ, ಜನರೇಟರಿಗೆ ಡೀಸೆಲ್ ಇದೆಯಾ, ಗಂಡಿನ ಕಡೆಯವರ ಗೀಸರ್ ಕೆಡ್ತಾ, ಊಟದ ಹಾಲ್‌ನಲ್ಲಿ ಯಾವ ಮಾವ ಮುನಿಸಿಕೊಂಡು ಎದ್ದ, ಇದೇ ಬದುಕು. ಎಲ್ಲ ಮುಗಿಸಿ ಹೇರೋಹಳ್ಳಿಯ ಮನೆ ಸೇರುವಾಗ ಹೆಂಡತಿ ವೆಂಕಟಲಕ್ಷ್ಮಮ್ಮ ಮಲಗಿರುತ್ತಿದ್ದಳು. ಬೆಳಿಗ್ಗೆ ಇವನು ಹೊರಡುವಾಗಲೂ ಮಲಗಿರುತ್ತಿದ್ದಳು. ಮುಚ್ಚಿಟ್ಟ ತಟ್ಟೆ ನೋಡಿ, ಓ, ಇವಳು ಮನೇಲೇ ಇದ್ದಾಳೆ ಅಂದುಕೊಳ್ಳಬೇಕು, ಹಾಗಿತ್ತು ಸಂಸಾರ.

ಅಂಥ ಹೆಂಡತಿ ಒಂದು ಭಾನುವಾರ ಟಿ.ವಿ. ನೋಡುತ್ತಾ, ಅಂಡಮಾನಿಗೆ ಹೋಗೋಣ ಅಂದುಬಿಟ್ಟಳು. ಕೃಷ್ಣಪ್ಪ ನಕ್ಕ. ಧರ್ಮಸ್ಥಳಕ್ಕೆ ಹೋಗೋಣ ಅಂದ, ತಿರುಪತಿ ಅಂದ, ಸಮುದ್ರವೇ ನೋಡಬೇಕಾದರೆ ಮುರುಡೇಶ್ವರ ಇಲ್ಲವಾ ಅಂದ. ಅವಳು ಜಗ್ಗಲಿಲ್ಲ. ದ್ವೀಪವೇ ಆಗಬೇಕಂತೆ. ಟಿ.ವಿ. ಇವಳ ತಲೆ ಕೆಡಿಸಿದೆ ಅಂತ ಅವನು ಮೊದಲು ಬೈದುಕೊಂಡ. ಆಮೇಲೆ ಯೋಚಿಸಿದರೆ, ಕಟ್ಟಿಕೊಂಡು ಬಂದಾಗಿನಿಂದ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಇದನ್ನೂ ನಡೆಸಿಕೊಡದೇ ಹೋದರೆ ಇನ್ನು ಅವಳ ಮುಖ ನೋಡಿ ಮಾತಾಡೋದು ಕಷ್ಟ ಅಂತ ಅವನಿಗೆ ಒಳಗೊಳಗೇ ಅನ್ನಿಸಿತು. ಜೊತೆಗೆ ಅವನಿಗೂ ಸಾಕಾಗಿತ್ತು. ಇನ್ನೊಂದು ಪಂಕ್ತಿಗೆ ಮಜ್ಜಿಗೆ ಸಾಲುತ್ತಾ ಅಂತ ಯಾರೂ ಕೇಳದ ಕಡೆ ನಾಲ್ಕು ದಿನ ಬಿದ್ದುಕೊಂಡಿದ್ದರೆ ಸಾಕಿತ್ತು.

ಸುದ್ದಿ ಹಬ್ಬಿದ್ದೇ ತಡ, ಮಂಟಪದಲ್ಲಿ ಸಲಹೆಗಳ ಸುರಿಮಳೆ. ಅಲ್ಲಿ ಬರೀ ಮೀನಂತೆ, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಅಂದರು ಅಡುಗೆಯವರು. ಅಮಾವಾಸ್ಯೆ ಕಳೆದ ಮೇಲೆ ಹೊರಡಿ ಅಂದರು ಪುರೋಹಿತರು. ಹಾರ ಕಟ್ಟುವವನು ಮೈಸೂರನ್ನೇ ದಾಟಿದವನಲ್ಲ, ಅವನೂ ವಿಮಾನದಲ್ಲಿ ಕಿಟಕಿ ಪಕ್ಕ ಕೂರಬೇಡಿ ಅಂದ. ಎಲ್ಲದಕ್ಕೂ ತಲೆಯಾಡಿಸಿ ಆಡಿಸಿ ಕೃಷ್ಣಪ್ಪನ ಕತ್ತು ನೋಯತೊಡಗಿತು. ಹೋಗುವ ಮುಂಚೆಯೇ ಹೀಗಾದರೆ ಹೋಗಿ ಬಂದ ಮೇಲೆ ಏನು ಗತಿ ಅಂದುಕೊಳ್ಳುತ್ತಲೇ ಮಾರ್ಕೆಟ್ ರಸ್ತೆಯ ಪಾತ್ರೆ ಅಂಗಡಿ ಮೇಲಿದ್ದ ಟೂರ್ ಆಫೀಸಿನ ಮೆಟ್ಟಿಲು ಹತ್ತಿದ.

ಅಲ್ಲಿದ್ದ ಅರುಣ್ ಕುಮಾರ್ ಚಿಕ್ಕ ವಯಸ್ಸಿನವನು, ಆದರೆ ಸುಮ್ಮನೆ ಹೂಂ ಅನ್ನುವ ಜಾತಿಯಲ್ಲ. ಆಷಾಢದಲ್ಲಿ ಮದುವೆ ಇರಲ್ಲ, ಆಗ ಹಾಕಿಕೊಡಪ್ಪ ಅಂತ ಕೃಷ್ಣಪ್ಪ ಕೇಳಿದ್ದಕ್ಕೆ, ಆಷಾಢದಲ್ಲಿ ಅಲ್ಲಿ ಮಳೆ ಸಾರ್, ಬೋಟು ನಿಲ್ಲಿಸಿಬಿಡ್ತಾರೆ, ರೂಮಿನ ಗೋಡೆ ನೋಡಿಕೊಂಡು ಬರಬೇಕಾಗುತ್ತೆ ಅಂದ. ಹಾಗಾದರೆ ಉಳಿದದ್ದು ಧನುರ್ಮಾಸ. ಅದೂ ಮದುವೆಯಿಲ್ಲದ ತಿಂಗಳೇ, ಆದರೆ ಆಗ ಓನರು ಮಂಟಪವನ್ನು ಸೀರೆ ಸೇಲ್‌ನವರಿಗೆ ಬಾಡಿಗೆಗೆ ಬಿಡುತ್ತಿದ್ದರು. ಕೃಷ್ಣಪ್ಪ ಗಂಟಲು ಸರಿಮಾಡಿಕೊಂಡು ರಜ ಕೇಳಿದ. ನೋಡೋಣ ಅಂದರು ಓನರು. ಅದನ್ನೇ ಒಪ್ಪಿಗೆ ಅಂತ ತಿಳಿದು ಇವನು ಮತ್ತೆ ಮೆಟ್ಟಿಲು ಹತ್ತಿದ.

ಅರುಣ್ ಎಲ್ಲ ಬಿಡಿಸಿ ಹೇಳಿದ. ಚೆನ್ನೈಗೆ ಹೋಗಿ ಬೆಳಗಿನ ವಿಮಾನ ಹಿಡೀಬೇಕು. ಬೋಟು ಹತ್ತುವ ಮುಂಚೆಯೇ ವಾಂತಿ ಮಾತ್ರೆ ನುಂಗಬೇಕು, ತಲೆ ಸುತ್ತಿದ ಮೇಲೆ ನುಂಗಿದರೆ ದಂಡ. ದೊಡ್ಡ ಸೂಟ್‌ಕೇಸ್ ಬೇಡ. ಊರಿಗೆ ಮರಳುವ ವಿಮಾನದ ಹಿಂದಿನ ದಿನವೇ ದ್ವೀಪದಿಂದ ಪೋರ್ಟ್ ಬ್ಲೇರಿಗೆ ವಾಪಸ್ ಬಂದಿರಬೇಕು. ಇಷ್ಟು ಹೇಳಿ ಅವನು ಪೆನ್ನು ಕೆಳಗಿಟ್ಟ.

"ಸಾರ್, ಎಲ್ರೂ ಹೋಟೆಲ್ ಕೇಳ್ತಾರೆ, ಊಟ ಕೇಳ್ತಾರೆ. ನಾನು ಮೊದಲು ಕೇಳೋದು ನಿಮ್ಮಲ್ಲಿ ನಡೆಯೋಕೆ ಯಾರಿಗೆ ಕಷ್ಟ ಅಂತ. ಕೆಲವು ದ್ವೀಪಕ್ಕೆ ಜೆಟ್ಟಿ ಇಲ್ಲ, ದೋಣಿಯಿಂದ ನೀರಿಗೇ ಇಳೀಬೇಕು. ಕಾಲು ನೋಡ್ಕೊಂಡು ದ್ವೀಪ ಆರಿಸಬೇಕು."

ನಾವಿಬ್ಬರೂ ಗಟ್ಟಿಯಾಗಿದ್ದೀವಪ್ಪ ಅಂದ ಕೃಷ್ಣಪ್ಪ. ಆದರೂ ಆಂಟಿನ ಕರ್ಕೊಂಡು ಬನ್ನಿ, ಫೋಟೋ ನೋಡಿ ಅವರೇ ಹೇಳಲಿ ಅಂದ ಅರುಣ್.

ವೆಂಕಟಲಕ್ಷ್ಮಮ್ಮ ಮಾರನೇ ವಾರ ಮನೆಯಿಂದ ಆಟೋದಲ್ಲಿ ಬಂದಳು, ಕೃಷ್ಣಪ್ಪ ಮಂಟಪದಿಂದ ನಡೆದು ಬಂದ. ಆಫೀಸಿನ ಮೆಟ್ಟಿಲು ನೋಡಿ ಅವಳು, ನೀವು ಹೋಗಿ ಬನ್ನಿ ಅಂತ ಪಾತ್ರೆ ಅಂಗಡಿ ಕಟ್ಟೆ ಮೇಲೆ ಕೂತುಬಿಟ್ಟಳು. ಇಷ್ಟು ದೂರ ಬಂದು ಇದೇನು ಬಿಂಕ ಅಂತ ಇವನಿಗೆ ರೇಗಿತು. ಅರುಣನೇ ಆಲ್ಬಂ ಹಿಡಿದು ಕೆಳಗಿಳಿದು ಬಂದ. ಆಲ್ಬಂ ಬಿಚ್ಚುವ ಮೊದಲು, ಅವಳು ಮಡಚಲಾಗದೆ ನೆಟ್ಟಗೆ ಚಾಚಿಕೊಂಡಿದ್ದ ಕಾಲನ್ನು ನೋಡಿದ.

"ಆಂಟಿ, ಎಷ್ಟು ದಿನದಿಂದ ಹೀಗಿದೆ?"

ಏನಿಲ್ಲ, ಆಟೋದಲ್ಲಿ ಕೂತು ಕಾಲು ಹಿಡ್ಕೊಂಡಿದೆ ಅಂತ ಕೃಷ್ಣಪ್ಪನೇ ಉತ್ತರ ಕೊಟ್ಟ.

"ಎರಡನೇ ವರ್ಷ," ಅಂದಳು ಅವಳು.

ಆಮೇಲೆ ಒಂದೊಂದೇ ಹೊರಗೆ ಬಂತು. ಮನೆಯ ಕೆಳಗಡೆ ಬಾಡಿಗೆಗೆ ಕೊಟ್ಟು ಇವರಿದ್ದದ್ದು ಮಹಡಿ ಮೇಲೆ. ಬಾಡಿಗೆಯ ದಾನಮ್ಮ ಬಂದು ಕೈ ಹಿಡಿದುಕೊಂಡರೆ ಮಾತ್ರ ಇವಳು ಕೆಳಗಿಳಿಯುವುದು. ಸೊಪ್ಪು, ಹಾಲು ತಂದುಕೊಡುವವಳೂ ದಾನಮ್ಮನೇ. ಬೆಳಿಗ್ಗೆ ಮಂಡಿ ಮಡಚಲು ಬಾರದ್ದಕ್ಕೆ ಇವಳು ತಡವಾಗಿ ಏಳುವುದು, ಸೋಮಾರಿತನಕ್ಕಲ್ಲ. ನನಗೆ ಯಾಕೆ ಹೇಳಲಿಲ್ಲ ಅಂತ ಕೃಷ್ಣಪ್ಪ ಕೇಳಿದ. ಹೇಳಿದ್ದೆ, ಸೀಸನ್ ಮುಗೀಲಿ ತೋರಿಸೋಣ ಅಂದ್ರಿ ಅಂದಳು. ಅಂದಿರಬೇಕು. ಎಲ್ಲದಕ್ಕೂ ಅವನು ಅನ್ನುತ್ತಿದ್ದದ್ದು ಅದನ್ನೇ. ಮಂಟಪದ ಗೇಟಿನಲ್ಲಿ ಯಾವ ಅಜ್ಜಿ ಇಳಿದರೂ ನಡಿಗೆ ನೋಡಿಯೇ ಕುರ್ಚಿ ತರಿಸುತ್ತಿದ್ದ ಮನುಷ್ಯ. ಅವನಿಗೆ ಎಷ್ಟು ನಾಚಿಕೆಯಾಯಿತೆಂದರೆ ಹೆಂಡತಿಯ ಕಡೆ ತಿರುಗಲಾರದೆ ಸ್ಟೀಲ್ ಬಿಂದಿಗೆಗಳನ್ನು ನೋಡುತ್ತಾ ನಿಂತ.

ಅಂಡಮಾನ್ ಬೇಡಪ್ಪ, ಕಾರು ಮಾಡ್ಕೊಂಡು ಮುರುಡೇಶ್ವರಕ್ಕೆ ಹೋಗ್ತೀವಿ ಅಂದ ಕೊನೆಗೆ. ಅದೇ ಒಳ್ಳೇದು ಸಾರ್, ಬಾಗಿಲ ತನಕ ಕಾರು ಹೋಗುತ್ತೆ ಅಂತ ಅರುಣನೂ ಒಪ್ಪಿ ಆಲ್ಬಂ ಮುಚ್ಚಿದ.

"ಮುರುಡೇಶ್ವರ ಬೇಡ," ಅಂದಳು ವೆಂಕಟಲಕ್ಷ್ಮಮ್ಮ. ಗಂಡನಿಗಲ್ಲ, ಅರುಣನಿಗೆ ಹೇಳಿದಳು. ಮದುವೆಯಾದ ಹೊಸದರಲ್ಲಿ ಮೈಸೂರಿಗೆ ಹೋಗಿದ್ದರು, ಮಂಟಪದಿಂದ ಲಾಡ್ಜಿಗೆ ಫೋನು ಬಂದು ರಾತ್ರಿ ಬಸ್ಸಿಗೇ ವಾಪಸ್. ಮಂತ್ರಾಲಯದಲ್ಲಿ ದರ್ಶನದ ಸಾಲಿನಲ್ಲಿ ನಿಂತಿದ್ದಾಗ ಕರೆ ಬಂತು, ಇವಳು ಒಬ್ಬಳೇ ಕೈಮುಗಿದು ಬಂದಳು. ಕೆಂಗೇರಿಯಲ್ಲಿ ತಂಗಿಯ ಗೃಹಪ್ರವೇಶಕ್ಕೆ ಹೋದರೆ ಕೃಷ್ಣಪ್ಪ ಎಲೆ ಮುಂದಿನಿಂದ ಎದ್ದು ಹೋದ.

"ಬಸ್ಸು ಹೋಗೋ ಊರಿಗೆ ಎಲ್ಲಿಗೆ ಹೋದ್ರೂ ಇವರನ್ನ ಕರೆಸ್ಕೋತಾರೆ ಕಣಪ್ಪ. ನಡುವೆ ಸಮುದ್ರ ಇದ್ರೆ ಹೇಗೆ ಕರೆಸ್ಕೋತಾರೆ?"

ಅರುಣ್ ಮತ್ತೆ ಆಲ್ಬಂ ತೆರೆದ. ಹುಡುಕಿ ಒಂದು ದ್ವೀಪ ತೋರಿಸಿದ. ಜೆಟ್ಟಿ ಇತ್ತು, ಮೆಟ್ಟಿಲಿಲ್ಲದ ರೂಮುಗಳಿದ್ದವು, ಬಾಗಿಲು ತೆಗೆದರೆ ಮರಳು. ಆದರೆ ಈಗಲೇ ಹೇಳಿಬಿಡ್ತೀನಿ, ಅಲ್ಲಿ ಮೊಬೈಲ್ ಸಿಗಲ್ಲ, ಹೋದವರೆಲ್ಲ ಬಂದು ನಮ್ಮನ್ನ ಬೈತಾರೆ ಅಂದ. ಗಾಳಿ ಎದ್ದರೆ ಬೋಟೂ ಬರಲ್ಲ, ಒಂದೆರಡು ದಿನ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು.

"ಅಲ್ಲಿಗೇ ಹಾಕಪ್ಪ," ಅಂದಳು ಅವಳು.

ಅರುಣ್ ಕೃಷ್ಣಪ್ಪನ ಮುಖ ನೋಡಿದ. "ಅವಳು ಹೇಳಿದ ಹಾಗೇ ಮಾಡು," ಅಂದ ಕೃಷ್ಣಪ್ಪ.

ಹೊರಡುವಾಗ ಅವಳನ್ನು ಎಬ್ಬಿಸಲು ಅವನು ಕೈ ಚಾಚಿದ. ಅವಳು ಆ ಕೈ ಯಾಕೆ ಬಂತೆಂದೇ ತಿಳಿಯದವಳ ಹಾಗೆ ಒಂದು ಕ್ಷಣ ನೋಡಿ, ಪಕ್ಕದ ಗ್ರಿಲ್ಲು ಹಿಡಿದುಕೊಂಡು ತಾನೇ ಎದ್ದಳು.