ಸೋಮವಾರದ ಕೈಗುಣ

ನಮ್ಮ ಯಜಮಾನರ ಅಂಗಡಿ ನಂಜನಗೂಡಿನಲ್ಲಿ, ಭತ್ತದ ಮಿಲ್ಲು ತಿ. ನರಸೀಪುರದಲ್ಲಿ. ಎರಡೂ ಕಡೆಯ ಕಂಪ್ಯೂಟರುಗಳ ಹೊಣೆ ನನ್ನದು. ಅಪ್ಪ ಅದೇ ಮಿಲ್ಲಿನಲ್ಲಿ ಮೂಟೆ ಹೊತ್ತವರು. ಯಜಮಾನರನ್ನು ‘ಬುದ್ಧಿ’ ಎಂದು ಕರೆಯುತ್ತಿದ್ದರು. ಮನೆಯ ಮೊದಲ ಪದವೀಧರನಾದ ನಾನು ‘ಸರ್’ ಎನ್ನುತ್ತೇನೆ. ಆ ಪದ ಆಡುವ ಮೊದಲು ಇಂದಿಗೂ ಗಂಟಲು ಸರಿಮಾಡಿಕೊಳ್ಳುತ್ತೇನೆ.

ಮಿಲ್ಲಿಗೆ ಬರುವ ಪ್ರತಿ ಟ್ರ್ಯಾಕ್ಟರಿನ ತೂಕ ಅಲ್ಲಿನ ಸರ್ವರಿನಲ್ಲಿ ದಾಖಲಾಗಬೇಕು. ಕರೆಂಟು ಹೋಗಿ ಬಂದರೆ ತೂಕದ ತಂತ್ರಾಂಶವನ್ನು ಮತ್ತೆ ಚಾಲೂ ಮಾಡಬೇಕು. ಅದಕ್ಕೆ ಬೇಕಾದ ಅಡ್ಮಿನ್ ಪಾಸ್‌ವರ್ಡ್ ಯಜಮಾನರಿಗೂ ನನಗೂ ಮಾತ್ರ ಗೊತ್ತು. ಫೋನಿನಲ್ಲಿ ಹೇಳಕೂಡದೆಂದು ಅವರ ಕಟ್ಟಪ್ಪಣೆ. ಹಾಗಾಗಿ ಕರೆಂಟು ಹೋದಾಗಲೆಲ್ಲ ನಾನು ಬಸ್ಸು ಹತ್ತಬೇಕಾಗಿತ್ತು.

ಕೊನೆಗೆ ಒಂದು ಪರಿಹಾರ ಸೂಚಿಸಿದೆ. ಯಾರಿಗೂ ಅಡ್ಮಿನ್ ಅಧಿಕಾರ ಕೊಡಬೇಕಿಲ್ಲ. ತಂತ್ರಾಂಶವಿರುವ ಫೋಲ್ಡರನ್ನಷ್ಟೇ ತೂಕದ ಮೇಜಿನಲ್ಲಿ ಕೂರುವ, ಮಿಲ್ಲಿನವರೆಲ್ಲ ಅಕ್ಕ ಎನ್ನುವ ಹೆಂಗಸಿನ ಲಾಗಿನ್ ಹೆಸರಿಗೆ ಮಾಡಿಕೊಟ್ಟರೆ ಅವರೇ ಅದನ್ನು ಚಾಲೂ ಮಾಡಬಲ್ಲರು.

“ಅವ್ಳ ಹೆಸರಿಗೆ ಮಾಡ್ಬುಟ್ರೆ, ನಾಳೆ ಮಿಲ್ಲೇ ನಂದು ಅಂದ್ರೆ ಏನಪ್ಪಾ ಮಾಡ್ತೀಯ?” ಎಂದರು ಯಜಮಾನರು.

ಪರೀಕ್ಷೆಯ ಉತ್ತರದಷ್ಟು ಎಚ್ಚರದಿಂದ ವಿವರಿಸಿದೆ. ಒಪ್ಪಿದರು. ಫೋಲ್ಡರನ್ನೂ ಅದರೊಳಗಿನ ಫೈಲುಗಳನ್ನೂ ಅಕ್ಕನ ಹೆಸರಿಗೆ ಮಾಡಿ ಬಂದೆ. ಅಲ್ಲಿ ದಿನಾ ಒಮ್ಮೆಯಾದರೂ ಕರೆಂಟು ಹೋಗುತ್ತಿತ್ತು. ಉಳಿದ ದಿನ ತೊಂದರೆಯಾಗಲಿಲ್ಲ. ಸೋಮವಾರ ಮಾತ್ರ ತಂತ್ರಾಂಶ ಅಕ್ಕನ ಮಾತು ಕೇಳುತ್ತಿರಲಿಲ್ಲ. ನಾನು ಓಡಿಹೋಗಿ ಎಲ್ಲವನ್ನೂ ಮತ್ತೆ ಅವರ ಹೆಸರಿಗೆ ಮಾಡಿದರೆ ಸರಿಹೋಗುತ್ತಿತ್ತು. ಮುಂದಿನ ಸೋಮವಾರ ಅದೇ ಗೋಳು.

ಕಾದು ಬೇಸತ್ತ ಟ್ರ್ಯಾಕ್ಟರಿನವನೊಬ್ಬ, “ಏನಕ್ಕಾ, ನಿನ್ ಕಂಪ್ಯೂಟ್ರೂ ಸೋಮವಾರ ಉಪಾಸ ಇರ್ತದಾ?” ಎಂದ.

ಅಕ್ಕನಿಗೆ ನಗು ಬರಲಿಲ್ಲ. ತೂಕ ಇನ್ನೊಮ್ಮೆ ನಿಂತರೆ ಆಕೆಯನ್ನು ಮತ್ತೆ ಕಣದಲ್ಲಿ ಭತ್ತ ಹರಡಲು ಕಳಿಸುವುದಾಗಿ ಯಜಮಾನರು ಹೇಳಿದ್ದರು. ಬಿಸಿಲಿನಿಂದ ಆ ಮೇಜಿಗೆ ಬರಲು ಆಕೆ ಸಂಜೆ ತರಗತಿಗೆ ಹೋಗಿ ಟೈಪಿಂಗ್ ಕಲಿತಿದ್ದರು. “ನಾ ಏನೂ ಮುಟ್ಟಿಲ್ಲ ಕಣಣ್ಣ. ನೀನಾರೂ ಯೋಳು ಅವರ್ಗೆ,” ಎಂದರು.

ಮುಂದಿನ ಸೋಮವಾರ ಯಜಮಾನರ ಕಾರಿನಲ್ಲೇ ಹೋದೆ. ನಂಜುಂಡೇಶ್ವರನ ದರ್ಶನ ಮುಗಿಸಿ ನೇರವಾಗಿ ಮಿಲ್ಲಿಗೆ ಬಂದ ಅವರು ಟ್ರ್ಯಾಕ್ಟರು ತೂಗುವ ತಕ್ಕಡಿಗೆ ವಿಭೂತಿ ಹಚ್ಚಿದರು. ಸರ್ವರಿನ ಮೇಲೆ ಬಿಲ್ವಪತ್ರೆ ಇಟ್ಟರು. ಆಮೇಲೆ, ಚೆನ್ನಾಗಿ ನಡೆಯುತ್ತಿದ್ದ ತಂತ್ರಾಂಶವನ್ನು ನಿಲ್ಲಿಸಿ, ತಮ್ಮ ಅಡ್ಮಿನ್ ಪಾಸ್‌ವರ್ಡ್ ಹಾಕಿ, ತಾವೇ ಹೊಸದಾಗಿ ಚಾಲೂ ಮಾಡಿದರು. ವಾರದ ಮೊದಲ ತೂಕ ಅವರ ಕೈಯಿಂದಲೇ ಆರಂಭವಾಗಬೇಕು. ಅವರ ತಂದೆಯ ಕಾಲದಿಂದ ಬಂದ ಪದ್ಧತಿ.

ನಾನು ಹಣೆ ಹಿಡಿದುಕೊಂಡೆ. ಚಾಲೂ ಆಗುವಾಗ ತಂತ್ರಾಂಶ ಕೆಲವು ಹೊಸ ಫೈಲುಗಳನ್ನು ಮಾಡಿಕೊಳ್ಳುತ್ತದೆ. ಚಾಲೂ ಮಾಡಿದವರೇ ಅವುಗಳ ಒಡೆಯರು. ಅಕ್ಕನ ಫೋಲ್ಡರಿನೊಳಗೆ ಪ್ರತಿ ಸೋಮವಾರ ಯಜಮಾನರ ಫೈಲುಗಳು ಬಂದು ಕೂರುತ್ತಿದ್ದವು. ಅವನ್ನು ತಿದ್ದಲು ಅಕ್ಕನಿಗೆ ಅನುಮತಿಯಿಲ್ಲ; ಹಾಗಾಗಿ ಕರೆಂಟು ಹೋಗಿ ಬಂದ ಮೇಲೆ ಅವರ ಕೈಯಲ್ಲಿ ಚಾಲೂ ಆಗುತ್ತಿರಲಿಲ್ಲ. ಪೂಜೆಯ ಮೇಲೆ ತಪ್ಪು ಹೊರಿಸದೆ ಇದನ್ನು ಹೇಳುವುದು ಹೇಗೆ?

“ಸರ್, ತಾವೇ ಚಾಲೂ ಮಾಡಿ. ಆದರೆ ಅಕ್ಕನ ಲಾಗಿನ್‌ನಿಂದ ಮಾಡಿ,” ಎಂದೆ.

“ನನ್ ಮಿಲ್ನಲ್ಲಿ ನಾನು ಅವ್ಳ ಹೆಸ್ರಲ್ಲಿ ಕೂರ್ಬೇಕಾ?”

“ಕೈ ತಮ್ಮದೇ ಅಲ್ಲವೇ ಸರ್.”

ಅವರು ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡರು. ನಾನು ಫೈಲುಗಳನ್ನು ಸರಿಪಡಿಸಿದೆ, ಅಕ್ಕ ತಮ್ಮ ಲಾಗಿನ್ ತೆರೆದು ಎದ್ದು ನಿಂತರು. ಯಜಮಾನರು ಕುಳಿತು, ಕಣ್ಣು ಮುಚ್ಚಿ, ಕೀಲಿ ಒತ್ತಿದರು.

ಮಧ್ಯಾಹ್ನ ಕರೆಂಟು ಹೋಗಿ ಬಂತು. ಅಕ್ಕ ತಾವೇ ಚಾಲೂ ಮಾಡಿ, ನಿಂತಿದ್ದ ಟ್ರ್ಯಾಕ್ಟರನ್ನು ತಕ್ಕಡಿಯ ಮೇಲೆ ಕರೆದರು. ನಂಜನಗೂಡಿಗೆ ಮರಳಿದ್ದ ಯಜಮಾನರು ಫೋನಿನಲ್ಲಿ ವಿಚಾರಿಸಿದರು. ಅಡ್ಡಿಯಿಲ್ಲದೆ ನಡೆಯುತ್ತಿದೆ ಎಂದೆ.

“ನೋಡ್ದಾ, ನನ್ ಕೈಗುಣ. ಅವ್ಳೇ ಇರ್ಲಿ ಬುಡು ಅಲ್ಲಿ.”

ಮೂರು ವರ್ಷದ ಕಾಲೇಜು ಓದು ನಾಲಗೆಯ ತುದಿಗೆ ಬಂದಿತ್ತು. ಮೇಜಿನ ಹಿಂದೆ ಅಕ್ಕ ತೂಕದ ಚೀಟಿ ಹರಿದು ಕೊಡುತ್ತಿದ್ದರು. “ಹೌದು ಸರ್,” ಎಂದೆ.